ಎಳನೀರು ಎಲ್ಲರಿಗೂ ಒಳ್ಳೆಯದಲ್ಲ

ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ನಿಮ್ಮ ವಾಟ್ಸಾಪಿಗೆ ನಾಲ್ಕು ಮನೆಮದ್ದು ಬಂದು ಬಿದ್ದಿರುತ್ತವೆ. ನೀವೋ ಪೂರ್ತಿ ಓದುವುದೂ ಇಲ್ಲ, ಬಂಧುಗಳ ಗುಂಪಿಗೆ ದಾಟಿಸಿಬಿಡುತ್ತೀರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಕಾಳಜಿಯಿಂದಲೇ ಕಳಿಸುತ್ತೀರಿ, ಗೊತ್ತು. ಆದರೂ ಸ್ವಲ್ಪ ತಾಳಿ.

ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತು ಕಾಣುತ್ತದಲ್ಲ, ಅದು ಕನಿಷ್ಠ ಐದು ಕೈ ದಾಟಿ ಬಂದ ಸರಕು. ಮೊದಲು ಬರೆದವರು ಯಾರೆಂದು ನಿಮಗೆ ಕಳಿಸಿದವರಿಗೂ ಗೊತ್ತಿರುವುದಿಲ್ಲ. ಯಾರು ಹೇಳಿದ್ದು, ಯಾವ ವರ್ಷದ್ದು, ಕೊನೆಯಲ್ಲಿ ಏನಾದರೂ ಮಾರುತ್ತಿದ್ದಾರೆಯೇ, ಇಷ್ಟನ್ನಾದರೂ ನೋಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾಯ್ದೆಯೇ ನಿಷೇಧಿಸಿದೆ. ಹಾಗಾಗಿ ‘ಬುಡಸಮೇತ ವಾಸಿ’ ಎಂದು ಕಂಡ ಕೂಡಲೇ ಮುಂದೆ ಓದಬೇಡಿ. ಹೆಸರಾಂತ ಡಾಕ್ಟರ ಮುಖ, ದನಿ ಇದ್ದರೂ ನಂಬಿಬಿಡಬೇಡಿ. ಈಗ ಅವನ್ನೂ ನಕಲು ಮಾಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇನ್ನು ಎಳನೀರಿನ ಮಾತು. ದಿನಾ ಕುಡಿದರೆ ಮೂತ್ರಪಿಂಡ ಶುದ್ಧಿಯಾಗುತ್ತದೆ ಎಂಬ ಸಂದೇಶ ನೀವೂ ನೋಡಿರುತ್ತೀರಿ. ಗಟ್ಟಿಮುಟ್ಟಾದವರು ಕುಡಿಯಲಿ, ಬೇಡ ಅಂದವರಾರು? ಆದರೆ ಅದರಲ್ಲಿ ಪೊಟ್ಯಾಸಿಯಂ ಬಹಳ. ಮೂತ್ರಪಿಂಡ ಸೋತವರ ಮೈ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವ ಚಿಕ್ಕಪ್ಪ ಇರುವ ಗುಂಪಿಗೆ ಇದನ್ನು ಕಳಿಸಿ, ಕೆಳಗೆ ಕೈಮುಗಿದ ಚಿತ್ರ ಬೇರೆ ಹಾಕುತ್ತೀರಲ್ಲ! ಹಾಗಲಕಾಯಿ ರಸ ನಂಬಿ ಮಾತ್ರೆ, ಇನ್ಸುಲಿನ್ ನಿಲ್ಲಿಸುವುದೂ ಇಷ್ಟೇ ಅಪಾಯ. ರಸ ಕುಡಿಯಬೇಕೆನಿಸಿದರೆ ಡಾಕ್ಟರಿಗೆ ಹೇಳಿ ಕುಡಿಯಿರಿ. ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಇಳಿಯಲೂಬಹುದು.

ನಂಬುವಂಥ ಜಾಲತಾಣಗಳಲ್ಲಿ ಹುಡುಕಿದರೂ ಒಂದು ತೊಡಕಿದೆ. ಬ್ರಿಟನ್ನಿನ ಪುಟಗಳಲ್ಲಿ ಸಕ್ಕರೆಯ ಅಳತೆಯೇ ಬೇರೆ. ಅಲ್ಲಿಯ 7 ಎಂದರೆ ನಮ್ಮ ಲ್ಯಾಬಿನ ಚೀಟಿಯ 126. ಖಾಲಿಹೊಟ್ಟೆಯಲ್ಲಿ ಅಷ್ಟು ಬಂದರೆ ಸಕ್ಕರೆ ಕಾಯಿಲೆಯ ಗಡಿ ಮುಟ್ಟಿದಂತೆ. ಅಂಕಿಯ ಪಕ್ಕದ ಅಳತೆ ನೋಡದೆ ಗಾಬರಿಯೂ ಬೇಡ, ನಿರಾಳವೂ ಬೇಡ.

ಊಟದ ವಿಚಾರಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಇದೆ, ದುಡ್ಡು ಕೊಡಬೇಕಿಲ್ಲ. ಕಾಯಿಲೆ, ಔಷಧಿಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪುಟಗಳು, ಅಮೆರಿಕ ಸರ್ಕಾರದ ಮೆಡ್‌ಲೈನ್‌ಪ್ಲಸ್ ಇವೆ. ಇಂಗ್ಲಿಷ್ ತೊಡಕಾದರೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಅವರೂ ಒಂದು ಗಳಿಗೆ ರೀಲ್ಸ್ ಬಿಟ್ಟಾರು. ಮನಸ್ಸಿಗೆ ಕಷ್ಟವಾಗಿದ್ದರೆ ಹುಡುಕಾಟವೇ ಬೇಡ, ಟೆಲಿಮಾನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಓದಿದ್ದರಲ್ಲಿ ಸಂಶಯ ಬಂದದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ನಿಮ್ಮ ಡಾಕ್ಟರನ್ನೇ ಕೇಳಿ. ಬೈದರೆ ಬೈಸಿಕೊಳ್ಳಿ.

ಹೃದಯಾಘಾತವಾದಾಗ ಜೋರಾಗಿ ಕೆಮ್ಮಿ ಜೀವ ಉಳಿಸಿಕೊಳ್ಳಿ ಎಂಬ ಹಳೇ ಸಂದೇಶ ನಿಮ್ಮ ಫೋನಿನಲ್ಲಿದ್ದರೆ ಈಗಲೇ ಅಳಿಸಿ. ಎದೆ ನೋವು ಬಂದರೆ ಕೆಮ್ಮುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.