ಹೋಗಿ ನೋಡಿ ಬರುವುದು ಅವಿಶ್ವಾಸವೇ?

ಯುವಕೂಟದ ಈ ತಿಂಗಳ ಪಾಠ
ಮೊದಲು ಓದಿಕೊಳ್ಳಿರಿ: ಸಂಖ್ಯಾಕಾಂಡ 13, ಲೂಕ 14:28-30, ಪ್ರೇಷಿತರ ಕಾರ್ಯಕಲಾಪಗಳು 13:1-3 ಮತ್ತು 14:26-28



ಕಳೆದ ತಿಂಗಳ ಕೂಟದಲ್ಲಿ ನಮ್ಮ ಸಹೋದರಿಯೊಬ್ಬಳು ಒಂದು ಪ್ರಶ್ನೆ ಮುಂದಿಟ್ಟಳು. ವಿದೇಶದ ಒಂದು ಧರ್ಮಕೇಂದ್ರದಲ್ಲಿ ಒಂದೆರಡು ವರ್ಷ ಯುವಜನರ ಸೇವೆ ಮಾಡಬೇಕೆಂಬುದು ಅವಳ ಆಸೆ. ಅದಕ್ಕೆ ಮೊದಲು ಎರಡು ವಾರ ಅಲ್ಲಿದ್ದು ನೋಡಿಕೊಂಡು ಬರಬೇಕೆಂದಿದ್ದಾಳೆ. ಮನೆಯ ಹಿರಿಯರೊಬ್ಬರು, "ದೇವರು ಕರೆದಿದ್ದರೆ ನೋಡುವುದೇನು? ಅಬ್ರಹಾಮ ನೋಡಿಕೊಂಡು ಹೊರಟನೇ?" ಎಂದರಂತೆ. ನಮಗೆ ಆಗ ಉತ್ತರ ಹೊಳೆಯಲಿಲ್ಲ. ಈ ಪಾಠ ಹುಟ್ಟಿದ್ದು ಅಲ್ಲಿಂದ.

1. ನೋಡಿ ಬರಲು ಕಳುಹಿಸಿದವರು ಯಾರು?

ಅಬ್ರಹಾಮ ಎಲ್ಲಿಗೆಂದು ತಿಳಿಯದೆ ಹೊರಟದ್ದು ನಿಜ. ಆದರೆ ಅದೇ ದೇವರು ಮೋಶೆಗೆ, ಕುಲಕ್ಕೊಬ್ಬರಂತೆ ಹನ್ನೆರಡು ಮಂದಿಯನ್ನು ಕಾನಾನ್ ನಾಡು ನೋಡಿ ಬರಲು ಕಳುಹಿಸೆಂದರು. ಮೋಶೆ ಕೊಟ್ಟ ಪ್ರಶ್ನೆಗಳನ್ನು ಗಮನಿಸಿರಿ: ಅಲ್ಲಿಯ ಜನ ಎಷ್ಟಿದ್ದಾರೆ? ಬಲಿಷ್ಠರೋ ದುರ್ಬಲರೋ? ಊರುಗಳು ಹೇಗಿವೆ? ಮಣ್ಣು ಎಂಥದು? ಮರಗಳಿವೆಯೇ? ಇವೆಲ್ಲ ಕಣ್ಣಿನಿಂದ ನೋಡಿ ಹೇಳುವ ಸಂಗತಿಗಳು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಯೇಸುಸ್ವಾಮಿಯೂ ಹೇಳಿದ್ದಾರೆ. ಆದ್ದರಿಂದ ವಿಚಾರಿಸಿ ಹೆಜ್ಜೆಯಿಡುವುದು ಅವಿಶ್ವಾಸವಲ್ಲ.

2. ತಪ್ಪಾದದ್ದು ಎಲ್ಲಿ?

ಹನ್ನೆರಡು ಮಂದಿಯೂ ನಲವತ್ತು ದಿನ ಒಂದೇ ನಾಡನ್ನು ನೋಡಿದರು. ಇಬ್ಬರು ಹೊತ್ತು ತಂದ ದ್ರಾಕ್ಷಿಗೊಂಚಲನ್ನೂ ಕೋಟೆ ಕಟ್ಟಿದ ಊರುಗಳನ್ನೂ ಯಾರೂ ಅಲ್ಲಗಳೆಯಲಿಲ್ಲ. ಆದರೆ ಹತ್ತು ಮಂದಿ, ಅವರ ಮುಂದೆ ನಾವು ಮಿಡತೆಗಳಂತಿದ್ದೆವು ಎಂದರು. ಕಾಲೇಬನೂ ಯೆಹೋಶುವನೂ ಮಾತ್ರ ದೇವರು ಜೊತೆಗಿದ್ದಾರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರು. ಕಷ್ಟವನ್ನು ವರದಿ ಮಾಡಿದ್ದು ತಪ್ಪಲ್ಲ. ಭಯವನ್ನೇ ತೀರ್ಪಾಗಿ ಮಾಡಿಕೊಂಡದ್ದು ತಪ್ಪು.

3. ಅತಿಥಿಯಾಗಿ ಹೋಗುವುದು

ಅವರು ಹೋದದ್ದು ನಾಡನ್ನು ವಶಪಡಿಸಿಕೊಳ್ಳಲು. ನಾವು ಹೋಗುವುದು ಸೇವೆಗೆ. ಇಲ್ಲಿ ನಮಗೆ ಮಾದರಿ ಸಂತ ಜೋಸೆಫ್ ವಾಜ್. ಗೋವೆಯಲ್ಲಿ ಹುಟ್ಟಿ, 1681ರಿಂದ 1684ರವರೆಗೆ ನಮ್ಮ ಕೆನರಾ ಕರಾವಳಿಯಲ್ಲಿ ದುಡಿದ ಅವರು 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಶ್ರೀಲಂಕಾ ಸೇರಿದರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಕ್ಯಾಂಡಿಯಲ್ಲಿ ಅವರನ್ನು ಗೂಢಚಾರನೆಂದು ಸೆರೆಗೆ ಹಾಕಿದರು. ಅವರು ಜನರ ಭಾಷೆಗಳಾದ ತಮಿಳು, ಸಿಂಹಳಗಳಲ್ಲಿ ಸೇವೆ ಮಾಡಿದರು. ಸಿಡುಬು ಹರಡಿದಾಗ ರೋಗಿಗಳನ್ನು ಬಿಟ್ಟು ಹೋಗಲಿಲ್ಲ. 1711ರಲ್ಲಿ ಅಲ್ಲಿಯೇ ಮಡಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಕೊಂಕಣಿ, ಮಲಯಾಳ ಪೂಜೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ತಡವರಿಸುತ್ತ ಉತ್ತರ ಹೇಳಿ ಬೆಳೆದವರು ನಾವು. ಬೇರೆ ಭಾಷೆಯವರ ನಡುವೆ ಕೇಳಿಸಿಕೊಳ್ಳುವ ಅಭ್ಯಾಸ ನಮಗಿದೆ. ವಿದೇಶಕ್ಕೆ ಹೋಗುವವರಿಗೆ ಅದು ಪ್ರಯೋಜನಕ್ಕೆ ಬರುವ ಸಿದ್ಧತೆ.

4. ಎರಡು ವಾರದಲ್ಲಿ ಏನು ನೋಡಬೇಕು?

• ಅಲ್ಲಿಯ ಧರ್ಮಕೇಂದ್ರದ ಗುರುಗಳೂ ಯುವಜನರೂ ನಿಜವಾಗಿ ಕರೆದಿದ್ದಾರೆಯೇ? ಅವರಿಗೆ ಬೇಕಾದದ್ದೇನು? ನಮ್ಮ ಯೋಜನೆ ಹೇಳುವ ಮೊದಲು ಅವರ ಮಾತು ಕೇಳಬೇಕು.
• ಕಾನೂನು ಏನನ್ನು ಒಪ್ಪುತ್ತದೆ? ಪ್ರವಾಸಿ ವೀಸಾ ನೋಡಿ ಬರಲು ಸಾಕು. ನೆಲೆಸಿ ಸೇವೆ ಮಾಡಲು ಬೇರೆ ವೀಸಾ ಬೇಕು. ಬ್ರಿಟನ್ನಿನ ಚಾರಿಟಿ ವರ್ಕರ್ ವೀಸಾ ಗರಿಷ್ಠ 12 ತಿಂಗಳಿಗೆ, ಅದೂ ಸಂಬಳವಿಲ್ಲದ ಸೇವೆಗೆ. ಅಮೆರಿಕದ ಆರ್-1 ವೀಸಾಕ್ಕೆ ಕನಿಷ್ಠ ಎರಡು ವರ್ಷ ಅದೇ ಧರ್ಮಸಭೆಯ ಸದಸ್ಯತ್ವ ಬೇಕು. ಸೌದಿ ಅರೇಬಿಯಾದಲ್ಲಿ ಚರ್ಚ್ ಕಟ್ಟಡವೇ ಇಲ್ಲ.
• ವಾಸ, ಊಟ, ಆರೋಗ್ಯ ವಿಮೆ ಯಾರ ಹೊಣೆ? ಬಾಯಿಮಾತು ಸಾಲದು, ಬರಹದಲ್ಲಿರಲಿ.
• ಭಾನುವಾರ ಮಾತ್ರವಲ್ಲ, ವಾರದ ನಡುವಿನ ಒಂದು ಸಂಜೆ ಒಬ್ಬಳೇ ಇದ್ದು ನೋಡಬೇಕು. ಒಂಟಿತನ ತಿಳಿಯುವುದು ಆಗಲೇ.
• ಇದೇ ಸೇವೆಯನ್ನು ಇಲ್ಲಿ ಮಾಡುವ ಮನಸ್ಸಿದೆಯೇ, ಅಥವಾ ಊರು ಬಿಡುವ ಆಸೆಗೆ ಸೇವೆಯ ಹೆಸರಿಟ್ಟಿದ್ದೇವೆಯೇ? ಕೆಲಸಕ್ಕಾಗಿ ವಿದೇಶಕ್ಕೆ ಹೋಗುವುದು ಪಾಪವಲ್ಲ. ಆದರೆ ಕೆಲಸವನ್ನು ಕೆಲಸವೆಂದೇ ಕರೆಯೋಣ.

5. ಕಳುಹಿಸುವವರ ಪಾಲು

ಈ ಭಾಗ ನಮಗೇ ಕಷ್ಟವಾಯಿತು. ನಮ್ಮಲ್ಲಿ ಕನ್ನಡದಲ್ಲಿ ಧರ್ಮೋಪದೇಶ ಕಲಿಸುವವರು ನಾಲ್ವರು. ಆ ಸಹೋದರಿ ಅವರಲ್ಲೊಬ್ಬಳು. ಅವಳು ಹೋದರೆ ಮಕ್ಕಳ ಗತಿಯೇನು ಎಂಬುದೇ ನಮ್ಮ ಮೊದಲ ಯೋಚನೆ. ಅಂತಿಯೋಕ್ಯದ ಸಭೆಯಲ್ಲಿ ಪ್ರವಾದಿಗಳೂ ಬೋಧಕರೂ ಆಗಿ ಐವರ ಹೆಸರಿದೆ. ಪವಿತ್ರಾತ್ಮರು ಕೇಳಿದ್ದು ಬಾರ್ನಬ ಮತ್ತು ಸೌಲರನ್ನೇ. ಸಭೆ ಉಪವಾಸವಿದ್ದು, ಪ್ರಾರ್ಥಿಸಿ, ಅವರ ಮೇಲೆ ಕೈಗಳನ್ನಿಟ್ಟು ಕಳುಹಿಸಿತು. ಅವರೂ ಮರಳಿ ಬಂದಾಗ ಸಭೆಯನ್ನು ಕೂಡಿಸಿ ನಡೆದದ್ದನ್ನೆಲ್ಲ ತಿಳಿಸಿದರು.

ಹಾಗೆಯೇ ನಾವೂ ಅವಳಿಗೆ ಹೇಳಿದ್ದೇವೆ: ಗುರುಗಳ ಆಶೀರ್ವಾದ ಪಡೆದು ಹೋಗಿ ನೋಡಿ ಬಾ. ಬಂದು ದ್ರಾಕ್ಷಿಯ ಮಾತನ್ನೂ ಕೋಟೆಯ ಮಾತನ್ನೂ ನಮ್ಮೆದುರು ಹೇಳು. "ಹೋಗುವುದಿಲ್ಲ" ಎಂದು ನಿರ್ಧರಿಸಿದರೂ ಅದು ಸೋಲಲ್ಲ. ಪೌಲರಿಗೂ ಬಿಥೂನಿಯದ ದಾರಿ ತೆರೆಯಲಿಲ್ಲ. ಅವಳು ಹಿಂದಿರುಗುವುದರೊಳಗೆ ಧರ್ಮೋಪದೇಶ ಕಲಿಸಲು ಇನ್ನಿಬ್ಬರನ್ನು ತಯಾರು ಮಾಡುವುದು ನಮ್ಮ ಕೆಲಸ.

ಚರ್ಚೆಗೆ

1. ಹತ್ತು ಮಂದಿಯ ವರದಿಯಲ್ಲಿ ಸತ್ಯವೆಷ್ಟು, ಭಯವೆಷ್ಟು?
2. ನಮ್ಮ ವಾಳೆಯಿಂದ ಹೊರದೇಶಕ್ಕೆ ಹೋದವರಿಗಾಗಿ ನಾವು ಹೆಸರು ಹೇಳಿ ಪ್ರಾರ್ಥಿಸುತ್ತಿದ್ದೇವೆಯೇ?
3. ಮುಂದಿನ ಭಾನುವಾರದಿಂದ ಧರ್ಮೋಪದೇಶ ತರಗತಿಗೆ ಬರಲು ಯಾರು ಸಿದ್ಧ?

ಪ್ರಾರ್ಥನೆ: ಪ್ರಭುವೇ, ಹೋಗುವವರಿಗೆ ತೆರೆದ ಕಣ್ಣುಗಳನ್ನೂ, ಕಳುಹಿಸುವ ನಮಗೆ ತೆರೆದ ಕೈಗಳನ್ನೂ ಕೊಡು. ಆಮೆನ್.