ಹೈಬ್ರಿಟ್: ಕಲ್ಲಿದ್ದಲಿಲ್ಲದ ಉಕ್ಕು

ಸ್ವೀಡನ್ನಿನ ಮೂರು ಕಂಪನಿಗಳು 2016ರಲ್ಲಿ ಆರಂಭಿಸಿದ ಯೋಜನೆ ಹೈಬ್ರಿಟ್. ಉಕ್ಕು ತಯಾರಿಸುವ ಎಸ್‌ಎಸ್‌ಎಬಿ, ಕಬ್ಬಿಣದ ಅದಿರು ತೆಗೆಯುವ ಎಲ್‌ಕೆಎಬಿ ಮತ್ತು ವಿದ್ಯುತ್ ಉತ್ಪಾದಿಸುವ ವಾಟೆನ್‌ಫಾಲ್ ಇದರ ಪಾಲುದಾರರು. ಕೊನೆಯ ಎರಡೂ ಸರ್ಕಾರಿ ಒಡೆತನದವು. ಅದಿರು, ವಿದ್ಯುತ್, ಕುಲುಮೆ ಮೂರೂ ಒಂದೇ ಯೋಜನೆಯಡಿ ಬಂದದ್ದೇ ಇದರ ನಿಜವಾದ ಬಲ.

ತತ್ವ ಮುಖ್ಯ, ಗಮನಿಸಿ. ಊದುಕುಲುಮೆಯಲ್ಲಿ ಕೋಕ್‌ನ ಇಂಗಾಲವು ಅದಿರಿನ ಆಮ್ಲಜನಕವನ್ನು ಸೆಳೆದು ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಒಂದು ಟನ್ ಉಕ್ಕಿಗೆ ಸುಮಾರು 2 ಟನ್! ಹೈಬ್ರಿಟ್‌ನಲ್ಲಿ ಆ ಕೆಲಸವನ್ನು ಜಲಜನಕ ಮಾಡುತ್ತದೆ, ಹೊರಬರುವುದು ನೀರಾವಿ. ಜಲಜನಕವನ್ನು ಪಳೆಯುಳಿಕೆ ಇಂಧನ ಬಳಸದ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಪಡೆಯುತ್ತಾರೆ. ಅದಿರಿನಿಂದ ಹೀಗೆ ಸಿಗುವ ಘನ ಕಬ್ಬಿಣವನ್ನು, ಅಂದರೆ ಸ್ಪಾಂಜ್ ಐರನ್ ಅನ್ನು, ವಿದ್ಯುತ್ ಕುಲುಮೆಯಲ್ಲಿ ಕರಗಿಸುತ್ತಾರೆ.

ಪ್ರಾಯೋಗಿಕ ಘಟಕ: ಸ್ವೀಡನ್ನಿನ ಲೂಲಿಯೊ, 2020. ಮೊದಲ ಉಕ್ಕು 2021ರ ಆಗಸ್ಟ್‌ನಲ್ಲಿ ವೋಲ್ವೊ ಸಮೂಹಕ್ಕೆ ಹೋಯಿತು. ವೆಚ್ಚ ಮಾತ್ರ ಇನ್ನೂ ದೊಡ್ಡ ಅಡ್ಡಿ, ಏಕೆಂದರೆ ಅಗ್ಗದ ವಿದ್ಯುತ್ ಅಪಾರ ಪ್ರಮಾಣದಲ್ಲಿ ಬೇಕು.

ತೋರಣಗಲ್ಲಿನಂಥ ಉಕ್ಕಿನ ಕೇಂದ್ರವಿರುವ ನಮ್ಮ ರಾಜ್ಯದ ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯರ್ಥಿಗಳು ಇದರೊಂದಿಗೆ ಭಾರತದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್ ಅನ್ನೂ ಓದಿಕೊಳ್ಳಬೇಕು: ಕೇಂದ್ರ ಸಂಪುಟದ ಒಪ್ಪಿಗೆ 2023ರ ಜನವರಿ, ಮೊತ್ತ 19,744 ಕೋಟಿ ರೂಪಾಯಿ, 2030ರ ಗುರಿ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕ.