ಹರಿಗೋಲೂ ಜಾಲರಿಯ ಲೋಹವೂ

ಹಂಪೆಯ ಬಳಿ ತುಂಗಭದ್ರೆಯಲ್ಲಿ ತೇಲುವ ಹರಿಗೋಲನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನೂ ಇದನ್ನು ವರ್ಣಿಸಿದ್ದಾನೆ. ಹದಿನೈದಿಪ್ಪತ್ತು ಮಂದಿಯನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ಅದು ದಾಟಿಸುತ್ತಿದ್ದಿತಂತೆ. ನೀರನ್ನು ತಡೆಯುವುದು ಹೊರಗಣ ಹೊದಿಕೆ. ಆಕಾರವನ್ನು ಹಿಡಿದಿಡುವುದು ಬಿದಿರ ಸೀಳುಗಳ ಹೆಣಿಗೆ.

ಈ ಉಪಾಯವು ಇಂದು ಲೋಹಕ್ಕೂ ಒದಗಿದೆ. ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದೆಡೆ ಮಾತ್ರ ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರವನ್ನು ಬೆಳೆಯಿಸಿದರೆ, ಒಳಗೆಲ್ಲ ಸಣ್ಣ ಸರಳುಗಳ ಜಾಲರಿಯುಳ್ಳ ಹಗುರವಾದ ವಸ್ತು ದೊರೆಯುತ್ತದೆ. ವಿಮಾನ, ಉಪಗ್ರಹಗಳಲ್ಲಿ ಗ್ರಾಮು ಗ್ರಾಮಿಗೂ ಬೆಲೆಯುಂಟಷ್ಟೆ.

ಜಾಲರಿಯ ಆಕಾರ ಹೇಗಿರಬೇಕು? ನಾಲ್ಕು ಕಡ್ಡಿಗಳ ತುದಿಗಳನ್ನು ದಾರದಿಂದ ಕಟ್ಟಿ ಚೌಕ ಮಾಡಿರಿ, ಮೂಲೆಯನ್ನೊತ್ತಿದೊಡನೆ ವಾಲುತ್ತದೆ. ತ್ರಿಕೋನವು ವಾಲದು; ವಾಲಬೇಕಾದರೆ ಕಡ್ಡಿಯೇ ಹಿಗ್ಗಬೇಕು ಇಲ್ಲವೆ ಕುಗ್ಗಬೇಕು. 1864ರಲ್ಲಿ ಮ್ಯಾಕ್ಸ್‌ವೆಲ್ಲನು ಇದನ್ನು ಲೆಕ್ಕಕ್ಕಿಳಿಸಿದನು: ಘನರಚನೆಯೊಂದು ವಾಲದಿರಲು ಸಾಮಾನ್ಯವಾಗಿ ಸಂಧಿಗಳ ಸಂಖ್ಯೆಯ ಮೂರರಷ್ಟರಲ್ಲಿ 6ನ್ನು ಕಳೆದಷ್ಟು ಸರಳುಗಳಾದರೂ ಬೇಕು. ಲೋಹದಲ್ಲಿ ಸಂಧಿಗಳು ಬೆಸೆದಿರುವುದರಿಂದ, ಸರಳು ಸಾಲದ ಜಾಲರಿಯು ವಾಲುವ ಬದಲು ಅದರ ಸರಳುಗಳು ಬಾಗುತ್ತವೆ. ಇಂಥ ವಿರಳ ಜಾಲರಿಯಲ್ಲಿ ಲೋಹವನ್ನು ಅರ್ಧಕ್ಕಿಳಿಸಿದರೆ ಪೆಡಸುತನವು ಸುಮಾರು ಕಾಲುಭಾಗಕ್ಕಿಳಿಯುತ್ತದೆ. ತ್ರಿಕೋನಗಳ ಜಾಲರಿಯಲ್ಲಾದರೋ ಅರ್ಧಕ್ಕೆ ಮಾತ್ರ.

ಹಾಗೆಂದು ಬಾಗುವುದನ್ನು ದೋಷವೆನ್ನಲಾಗದು. ಬಂಡೆಗಳ ಹೊಳೆಯಲ್ಲಿ ಬಾಗಿ ಪೆಟ್ಟನ್ನು ನುಂಗುವುದೇ ಹರಿಗೋಲಿಗೆ ಬೇಕಾದ ಗುಣ. ಲೋಹದಲ್ಲಿಯೂ ಆಘಾತವನ್ನು ಹೀರಬೇಕಾದೆಡೆ ಬಾಗುವ ಜಾಲರಿಯನ್ನೇ ಆರಿಸುವುದುಂಟು. ಯಾವುದನ್ನು ಆರಿಸಿದರೂ ಒಳಗುಳಿದ ಪುಡಿ ಹೊರಬೀಳಲು ದಾರಿ ಬಿಟ್ಟಿರಬೇಕು; ಸರಳು ಅತಿ ಸಣ್ಣದಾದರೆ ಲೇಸರು ಅದನ್ನು ನೆಟ್ಟಗೆ ಕಟ್ಟಲಾರದು.